ಗ್ರೈಂಡರ್, ಎಮರಿ ಪೇಪರ್, ಬ್ಯಾಟರಿ ಡ್ರಿಲ್: ಮನೆ ಪಾರ್ಕಿಂಗ್‌ನಲ್ಲಿ ಕಾರಿನ ತುಕ್ಕು ತೆಗೆಯಲು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ಯಾಟರಿ ಡ್ರಿಲ್‌ಗೆ. ಅದಕ್ಕೆ ಸಿಕ್ಕಿಸುವ ಒಂದು ಸ್ಟ್ರಿಪ್ ಡಿಸ್ಕ್, ಜೊತೆಗೆ ತುಕ್ಕು ತೆಗೆಯುವ ಜೆಲ್ ಇದ್ದರೆ ಸಾಕು, ಬೀದಿಯವರ ನಿದ್ದೆ ಕೆಡಿಸದೆ ಕೆಲಸ ಮುಗಿಸಬಹುದು.

ನನ್ನದು ಮಾವನಿಂದ ಬಂದ ಹಳೆಯ ಕಾರು. ವರ್ಷಗಟ್ಟಲೆ ಕುಂದಾಪುರದ ಉಪ್ಪು ಗಾಳಿಯಲ್ಲಿ ನಿಂತಿತ್ತು. ಹಿಂದಿನ ಚಕ್ರಗಳ ಮೇಲಿನ ಕಮಾನಿನಲ್ಲಿ, ಬಾಗಿಲುಗಳ ಕೆಳ ಅಂಚಿನಲ್ಲಿ ಪೇಂಟ್ ಗುಳ್ಳೆ ಎದ್ದಿತ್ತು. ಉಗುರಿನಿಂದ ಒತ್ತಿದರೆ ಗುಳ್ಳೆ ಒಡೆದು ಕಂದು ಪುಡಿ ಉದುರುತ್ತಿತ್ತು. ನಾವಿರುವುದು ಬೆಂಗಳೂರಿನ ಹನುಮಂತನಗರದಲ್ಲಿ, ಬಾಡಿಗೆಗೆ. ಕಾರು ನಿಲ್ಲುವ ಜಾಗದ ನೇರ ಮೇಲೆ ಓನರ್ ಮನೆ. ಎದುರು ಮನೆಯ ಹುಡುಗ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗುತ್ತಾನೆ. ಹಾಗಾಗಿ ಎಷ್ಟು ಬೇಗ ಆಗುತ್ತದೆ ಅನ್ನುವುದಕ್ಕಿಂತ ಎಷ್ಟು ಸದ್ದು ಮಾಡುತ್ತದೆ ಅನ್ನುವುದೇ ನನಗೆ ಮುಖ್ಯ.

ಗೆಳೆಯ ಕೊಟ್ಟ, ಲೋಹ ಉಜ್ಜುವ 4 ಇಂಚಿನ ಗ್ರೈಂಡರ್ ಕೆಲಸದಲ್ಲಿ ರಾಕ್ಷಸ, ಅದರಲ್ಲಿ ಎರಡು ಮಾತಿಲ್ಲ. ನಿಮಿಷಕ್ಕೆ ಸುಮಾರು 11,000 ಸುತ್ತು. ಆದರೆ ಕಾರಿನ ತಗಡು ದಪ್ಪ ಇರುವುದೇ ಒಂದು ಮಿಲಿಮೀಟರ್‌ಗಿಂತ ಕಡಿಮೆ. ಒಂದೇ ಕಡೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿದರೆ ಕಾದು ಸೊಟ್ಟಗಾಗುತ್ತದೆ, ತುಕ್ಕಿನ ಜೊತೆ ಒಳ್ಳೆಯ ತಗಡೂ ಹೋಗುತ್ತದೆ. ಕಿಡಿ ಹಾರಿ ಪಕ್ಕದ ಕಾರಿನ ಗಾಜಿಗೆ ಬಿದ್ದರೆ ಸಣ್ಣ ಸಣ್ಣ ಗುಳಿ ಬೀಳುತ್ತವೆ, ಅವು ಒರೆಸಿದರೆ ಹೋಗುವಂಥವಲ್ಲ. ಸದ್ದು 90 ಡೆಸಿಬಲ್ ಹತ್ತಿರ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಇಟ್ಟಿರುವ ಹಗಲಿನ ಮಿತಿ 55. ಮೇಲಿಂದ ಓನರ್ ಆಂಟಿ ಬಗ್ಗಿ "ಏನಪ್ಪಾ, ಇನ್ನೂ ಎಷ್ಟು ಹೊತ್ತು ಇದು?" ಅಂದರು. ಅಲ್ಲಿಗೆ ಗ್ರೈಂಡರ್ ವಾಪಸ್ ಹೋಯಿತು.

ಎಮರಿ ಪೇಪರ್ ಸದ್ದೇ ಮಾಡುವುದಿಲ್ಲ, ದುಡ್ಡೂ ಹೆಚ್ಚಿಲ್ಲ. ಒರಟಾದ 80 ನಂಬರಿನಿಂದ ಶುರು ಮಾಡಬೇಕು. ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಸರಿ, ಇಡೀ ಕಮಾನಿಗೆ ಹಿಡಿದರೆ ಮಣಿಕಟ್ಟು ಬಿದ್ದುಹೋಗುತ್ತದೆ.

ಇನ್ನು ಡ್ರಿಲ್. ಸ್ಟ್ರಿಪ್ ಡಿಸ್ಕ್ ಅಂದರೆ ಸ್ಪಂಜಿನ ಹಾಗೆ ತೂತು ತೂತಾಗಿರುವ ಕಪ್ಪು ಚಕ್ರ. ಪೇಂಟ್ ಮತ್ತು ತುಕ್ಕು ಎರಡನ್ನೂ ಕೆರೆಯುತ್ತದೆ, ತಗಡನ್ನು ಅಷ್ಟಾಗಿ ತಿನ್ನುವುದಿಲ್ಲ. ಮೋಟರಿನ ಸದ್ದು ಮಿಕ್ಸಿಗಿಂತ ಕಡಿಮೆ. ಆದರೂ ಡಿಸ್ಕ್ ತಾಗಿದ ಕೂಡಲೇ ಪಾರ್ಕಿಂಗ್ ಪೂರ್ತಿ ಗುಂಯ್ ಅಂದಿತು. ಇದೊಂದೇ ತೊಂದರೆ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು.

ಕೂಗುತ್ತಿದ್ದದ್ದು ಡ್ರಿಲ್ ಅಲ್ಲ, ತಗಡು. ಹಿಂದೆ ಆಸರೆ ಇಲ್ಲದ ತೆಳು ತಗಡು ತಮಟೆಯಂತೆ ಅದುರುತ್ತದೆ. ವೇಗ ಕಡಿಮೆ ಮಾಡಿದೆ, ಇನ್ನೂ ಕೆಟ್ಟದಾಯಿತು. ನಿಧಾನಕ್ಕೆ ತಿರುಗುವಾಗ ಡಿಸ್ಕ್ ಕಚ್ಚಿ ಕಚ್ಚಿ ಹಾರುತ್ತದೆ, ಟಕಟಕ ಸದ್ದು ಬರುತ್ತದೆ. ಡ್ರಿಲ್ಲಿನ ಎರಡನೇ ಗೇರ್‌ನಲ್ಲಿ, ಅಂದರೆ ಜೋರಾಗಿ ತಿರುಗುವುದರಲ್ಲಿ, ಪೂರ್ತಿ ವೇಗಕ್ಕೆ ಬಿಟ್ಟು, ಒತ್ತದೆ, ಸುಮ್ನೆ ತಾಗಿಸಿ ಹಿಡಿದಾಗ ಸದ್ದು ಒಂದೇ ಸಮ ಆಯಿತು.

ಆಮೇಲೆ ಹಳೆಯ ಜಮಖಾನೆ ಮಡಚಿ ಟೈರಿಗೂ ಕಮಾನಿಗೂ ನಡುವೆ ಬಿಗಿಯಾಗಿ ತುರುಕಿದೆ. ಗುಂಯ್ ಅನ್ನುವುದು ಸರ್ ಅನ್ನುವುದಕ್ಕೆ ಇಳಿಯಿತು. ಬಾಗಿಲಿಗೆ ಇದು ಆಗುವುದಿಲ್ಲ. ಒಳಗಿನ ಪ್ಯಾಡ್ ಬಿಚ್ಚಿ, ಜೆಸಿ ರೋಡಿನಲ್ಲಿ ಕಾರ್ ಸ್ಪೀಕರ್ ಹಾಕುವವರ ಹತ್ತಿರ ಸಿಗುವ, ಅದುರುವುದನ್ನು ತಡೆಯುವ ಡ್ಯಾಂಪಿಂಗ್ ಶೀಟ್ ತಂದು ತಗಡಿನ ಒಳಮೈಗೆ ಅಂಟಿಸಿದೆ. ಅದನ್ನು ಹಾಗೇ ಬಿಡಬಹುದು. ಬಾಗಿಲಿನ ತಳದಲ್ಲಿ ನೀರು ಹೋಗುವ ತೂತುಗಳಿರುತ್ತವೆ, ಅವನ್ನು ಮಾತ್ರ ಮುಚ್ಚಬೇಡಿ. ಮುಚ್ಚಿದರೆ ಮಳೆ ನೀರು ಒಳಗೇ ನಿಂತು ಮತ್ತೆ ಅಲ್ಲೇ ತುಕ್ಕು.

ಡಿಸ್ಕ್ ಹೋಗದ ಮೂಲೆಗಳಿಗೆ ಜೆಲ್. ಅದರಲ್ಲಿರುವುದು ಫಾಸ್ಫರಿಕ್ ಆಸಿಡ್. ಪದರ ಎದ್ದ ತುಕ್ಕನ್ನು ಮೊದಲು ಕೆರೆದೇ ಹಚ್ಚಬೇಕು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ನೆಲಕ್ಕೆ ಪ್ಲಾಸ್ಟಿಕ್ ಹಾಳೆ. ಸಿಮೆಂಟ್ ನೆಲದ ಮೇಲೆ ತೊಟ್ಟಿಕ್ಕಿದರೆ ಕಲೆ ಉಳಿಯುತ್ತದೆ, ಓನರ್‌ಗೆ ಉತ್ತರ ಹೇಳಬೇಕಲ್ವಾ. ಕೆರೆದ ದಿನವೇ ಪ್ರೈಮರ್ ಹೊಡೆಯಿರಿ, ಅದರ ಮೇಲೆ ಪುಟ್ಟಿ. ಬರಿ ತಗಡಿಗೆ ಪುಟ್ಟಿ ಹಾಕಿದರೆ ಅದು ತೇವ ಹೀರುತ್ತದೆ.

ಡ್ರಿಲ್‌ನಲ್ಲಿ ಕೊರತೆ ಅಂದರೆ ಬ್ಯಾಟರಿ. ಕಾಲು ಗಂಟೆಗೆ ಖಾಲಿ. ಚಾರ್ಜ್ ಆಗುವಷ್ಟರಲ್ಲಿ ನಾನು ಕಾಫಿ ಕುಡಿದು ಎಮರಿ ಪೇಪರ್‌ನಲ್ಲಿ ಅಂಚು ಉಜ್ಜುತ್ತೇನೆ. ಭಾನುವಾರ ಹನ್ನೊಂದರ ಮೇಲೆ ಒಂದೆರಡು ಗಂಟೆ ಕೆಲಸ ಮಾಡುವ ನನ್ನಂಥವರಿಗೆ ಇಷ್ಟು ಸಾಕು. ಡ್ರಿಲ್ ಗ್ರೈಂಡರ್‌ಗಿಂತ ದುಬಾರಿ, ನಿಜ. ಆದರೆ ಅದೇ ಡ್ರಿಲ್‌ನಲ್ಲಿ ಮನೆಯ ಕರ್ಟನ್ ರಾಡು, ಕಪಾಟಿನ ಸ್ಕ್ರೂ ಎಲ್ಲ ಆಗುತ್ತದೆ.

ಸ್ಕ್ರೂಡ್ರೈವರ್ ತುದಿಯಲ್ಲಿ ಒತ್ತಿದಾಗ ತಗಡು ತೂತಾದರೆ ಮಾತ್ರ ಇದ್ಯಾವುದನ್ನೂ ಕೊಳ್ಳಬೇಡಿ. ಅದಕ್ಕೆ ಹೊಸ ತಗಡು ಬೆಸೆಯಬೇಕು, ಟಿಂಕರಿಂಗ್‌ನವರ ಹತ್ತಿರವೇ ಹೋಗಿ.