ಪೆಟ್ಟಿಗೆ ಮೇಲೆ 3600, ನನ್ನ ಪಿಸಿಯಲ್ಲಿ 3200

8 ಜಿಬಿಯ ಎರಡು ಸ್ಟಿಕ್ ಇರುವ ಡಿಡಿಆರ್4 ಮೆಮೊರಿ (RAM) ಕಿಟ್ ಇದು. ಪೆಟ್ಟಿಗೆ ಮೇಲೆ ದೊಡ್ಡದಾಗಿ 3600 ಅಂತ ವೇಗ ಬರೆದಿದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಸಿಎಲ್18 (ಡೇಟಾ ಕೊಡೋ ಮುಂಚೆ ಎಷ್ಟು ಕ್ಲಾಕ್ ಕಾಯಿಸುತ್ತೆ ಅನ್ನೋ ಲೆಕ್ಕ), 1.35 ವೋಲ್ಟ್. ಎರಡು ತಿಂಗಳಿಂದ ಬಳಸುತ್ತಿದ್ದೇನೆ. ಸ್ಟಿಕ್‌ಗಳ ಮೇಲೆ ದೂರಿಲ್ಲ, ಚೆನ್ನಾಗಿವೆ. ದೂರು ಇರೋದು ಪೆಟ್ಟಿಗೆ ಮೇಲೆ, ಅದನ್ನ ಹಾಗೇ ನಂಬಿದ ನನ್ನ ಮೇಲೂ.

ನನ್ನದು 2018ರ ರೈಝನ್ 5 2600 ಪ್ರೊಸೆಸರ್. ಕೊಳ್ಳುವ ಮುಂಚೆ ಅದರ ಸ್ಪೆಸಿಫಿಕೇಶನ್ ನೋಡಿದ್ದರೆ ಮೆಮೊರಿ 2933ರ ತನಕ ಅಂತ ಕಾಣುತ್ತಿತ್ತು. ನೋಡಲಿಲ್ಲ. ಮದರ್‌ಬೋರ್ಡಿನ ಪಟ್ಟಿಯಲ್ಲಿ 3600 ಇತ್ತು, ಪಕ್ಕದಲ್ಲಿ ‘ಓಸಿ’ ಅಂತಲೂ ಇತ್ತು, ನಾನು ಮೊದಲಿನದನ್ನ ಮಾತ್ರ ಓದಿಕೊಂಡೆ. ಓಸಿ ಅಂದರೆ ಓವರ್‌ಕ್ಲಾಕ್, ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸೋದು. ಓಡಿದರೆ ಓಡಿತು, ಇಲ್ಲದಿದ್ದರೆ ನಿಮ್ಮ ಹಣೆಬರಹ ಅಂತ. ಮೆಮೊರಿ ಕಂಟ್ರೋಲರ್ ಇರೋದು ಬೋರ್ಡಿನಲ್ಲಲ್ಲ, ಪ್ರೊಸೆಸರ್ ಒಳಗೆ. ಬೋರ್ಡ್ ಎಷ್ಟೇ ಒಳ್ಳೆಯದಾಗಿರಲಿ, ಕೊನೆಗೆ ಆ ಕಂಟ್ರೋಲರ್ ಹೂಂ ಅನ್ನಬೇಕು.

ಸ್ಟಿಕ್‌ಗಳನ್ನ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿದೆ. ಆನ್ ಆಯಿತು. ಪಿಸಿಯ ಒಳಗಿನ ವಿವರ ತೋರಿಸೋ ಸಿಪಿಯು-ಝಡ್ ತಂತ್ರಾಂಶ ತೆರೆದರೆ ಮೆಮೊರಿ ಟ್ಯಾಬಿನಲ್ಲಿ 1066 ಅಂತ ತೋರಿಸುತ್ತಿದೆ! ಗಾಬರಿ ಆಗಬೇಡಿ, ಡಿಡಿಆರ್ ಅಲ್ವಾ, ಒಂದು ಕ್ಲಾಕಿಗೆ ಎರಡು ಸಲ ಡೇಟಾ ಹೋಗುತ್ತೆ, ಅಲ್ಲಿ ಕಾಣುವ ಸಂಖ್ಯೆಯನ್ನ ಎರಡರಿಂದ ಗುಣಿಸಬೇಕು. ಅಂದರೆ 2133. ಎಸ್‌ಪಿಡಿ ಟ್ಯಾಬಿಗೆ ಹೋದಾಗ ಗುಟ್ಟು ರಟ್ಟಾಯಿತು, ಸ್ಟಿಕ್ಕಿನಲ್ಲೇ ಬರೆದಿಟ್ಟ ಸೆಟ್ಟಿಂಗುಗಳು ಕಾಣೋದು ಅಲ್ಲೇ. ಮೊದಲ ಕಾಲಮ್‌ಗಳೆಲ್ಲ 1.20 ವೋಲ್ಟ್, ವೇಗವೂ ಕಡಿಮೆ. ಕೊನೆಯ ಒಂದೇ ಒಂದು ಕಾಲಮ್ ಎಕ್ಸ್‌ಎಂಪಿ, ಅಂದರೆ ತಯಾರಕರು ಸೇರಿಸಿಟ್ಟ ಓವರ್‌ಕ್ಲಾಕ್ ಸೆಟ್ಟಿಂಗು, ಅದರಲ್ಲಿ ಮಾತ್ರ 1800 ಮತ್ತು 1.35. ಡಿಡಿಆರ್4ಗೆ ಮೆಮೊರಿಯ ಮಾನದಂಡ ಮಾಡೋ ಜೆಡೆಕ್ ಸಂಸ್ಥೆ ಗೊತ್ತು ಮಾಡಿದ ವೋಲ್ಟೇಜು 1.2. ಪೆಟ್ಟಿಗೆ ಮೇಲಿನ 3600 ಅನ್ನೋದು ಆ ಕೊನೆಯ ಕಾಲಮ್ಮು, ನಾವೇ ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ಆನ್ ಮಾಡಬೇಕು.

ಮಾಡಿದೆ. ಫ್ಯಾನ್ ತಿರುಗುತ್ತೆ, ಪರದೆ ಕಪ್ಪು. ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತೆ. ಮೂರು ಸಲ ಹೀಗೆ ಮಾಡಿ, ಸೋತು, ಮತ್ತೆ 2133ಕ್ಕೇ ಬಂದು ಕೂತಿತು. ನಾನೂ ಹಠಕ್ಕೆ ಬಿದ್ದು ವೋಲ್ಟೇಜ್ 1.4ಕ್ಕೆ ಏರಿಸಿದೆ. ಈ ಸಲ ವಿಂಡೋಸ್ ಬಂತು, ಕುಣಿದಾಡಿದೆ, ಒಂದು ದೊಡ್ಡ ಜಿಪ್ ಫೈಲ್ ಬಿಚ್ಚಲು ಹೋದರೆ ಫೈಲ್ ಹಾಳಾಗಿದೆ ಅಂತು. ಮತ್ತೆ ಡೌನ್‌ಲೋಡ್ ಮಾಡಿದೆ, ಅದೂ ಹಾಳು. ಫೈಲಿನದ್ದಲ್ಲ ತಪ್ಪು ಅಂತ ಅನುಮಾನ ಬಂದು ಮೆಮೊರಿ ಪರೀಕ್ಷಿಸೋ ಮೆಮ್‌ಟೆಸ್ಟ್86 ಓಡಿಸಿದೆ, ಹತ್ತೇ ನಿಮಿಷಕ್ಕೆ ಕೆಂಪು ಸಾಲುಗಳು ಬರೋಕೆ ಶುರು. ಆನ್ ಆಗದೇ ಇರೋದಕ್ಕಿಂತ ಇದು ಅಪಾಯ. ಆನ್ ಆಗದಿದ್ದರೆ ಗೊತ್ತಾಗುತ್ತೆ, ಹೀಗಾದರೆ ಸದ್ದಿಲ್ಲದೆ ಫೋಟೋ, ಫೈಲು ಎಲ್ಲ ಕೆಡುತ್ತಾ ಹೋಗುತ್ತೆ.

ಇನ್ನೂ ವೋಲ್ಟ್ ತುಂಬಬಹುದಿತ್ತು, ತುಂಬಲಿಲ್ಲ. ಅದಕ್ಕೆ ಕಾರಣ ಗೆಳೆಯನ ಹಳೇ ಪಿಸಿ. ಅವನದು 2015ರ ಸ್ಕೈಲೇಕ್ ಪ್ರೊಸೆಸರ್, ಹಿಂದಿನ ತಲೆಮಾರಿನ ಡಿಡಿಆರ್3 ಮೆಮೊರಿ ಹಾಕಬಹುದಾದ ಬೋರ್ಡು. ಮೊದಲಿದ್ದ ಪಿಸಿಯ 1.65 ವೋಲ್ಟಿನ ಸ್ಟಿಕ್‌ಗಳನ್ನ ಅದಕ್ಕೇ ಸಿಕ್ಕಿಸೋ ಯೋಚನೆಯಲ್ಲಿದ್ದ. ಆದರೆ ಆ ಪ್ರೊಸೆಸರ್ ಕೇಳೋದು 1.35 ವೋಲ್ಟಿನ ಡಿಡಿಆರ್3ಎಲ್ (ಕಡಿಮೆ ವೋಲ್ಟಿನ ಡಿಡಿಆರ್3), ಅದಕ್ಕಿಂತ ಜಾಸ್ತಿ ಕೊಟ್ಟರೆ ಪ್ರೊಸೆಸರ್ರೇ ಕೆಡಬಹುದು ಅಂತ ಇಂಟೆಲ್ ಹೇಳಿತ್ತು. ಸ್ಲಾಟಿಗೆ ಸರಿಯಾಗಿ ಕೂರುತ್ತೆ, ಓಡಿದರೂ ಓಡುತ್ತೆ, ಅದೇ ಮೋಸ. ಉಲ್ಟಾ ಆದರೆ ತೊಂದರೆ ಇಲ್ಲ, ಡಿಡಿಆರ್3ಎಲ್ ಸ್ಟಿಕ್ 1.5 ವೋಲ್ಟನ್ನೂ ತಡೆದುಕೊಳ್ಳುತ್ತೆ.

ಕೊನೆಗೆ ನಾನು ಎಕ್ಸ್‌ಎಂಪಿ ಆನ್ ಇಟ್ಟೇ ವೇಗವನ್ನ ಕೈಯಲ್ಲಿ 3200ಕ್ಕೆ ಇಳಿಸಿ, ಸಿಎಲ್ 16 ಮಾಡಿ, ವೋಲ್ಟೇಜ್ ಅದೇ 1.35 ಬಿಟ್ಟೆ. ಒಂದೇ ಸಲಕ್ಕೆ ಹಿಡಿಯಿತು. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದರೂ ಒಂದೂ ತಪ್ಪಿಲ್ಲ. 2933ಕ್ಕಿಂತ ಇದೂ ಮೇಲೇ, ಇದೂ ಓಸಿನೇ, ಆದರೆ ಗೊಣಗದೆ ಓಡುತ್ತಿದೆ. ಕಳೆದುಕೊಂಡಿದ್ದೇನು ಅಂತ ಲೆಕ್ಕ ಹಾಕಿ: 3600ಕ್ಕೆ ಸಿಎಲ್18 ಅಂದರೆ ಕಾಯೋದು 10 ನ್ಯಾನೊಸೆಕೆಂಡ್, 3200ಕ್ಕೆ ಸಿಎಲ್16 ಅಂದರೂ 10 ನ್ಯಾನೊಸೆಕೆಂಡೇ. ಬ್ಯಾಂಡ್‌ವಿಡ್ತ್ ಸ್ವಲ್ಪ ಕಡಿಮೆ, ಆಟ ಆಡುವಾಗ ನನಗಂತೂ ಗೊತ್ತಾಗಿಲ್ಲ. 2133ರಿಂದ 3200ಕ್ಕೆ ಬಂದಾಗ ಮಾತ್ರ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು, ಯಾಕಂದರೆ ಈ ರೈಝನ್‌ನಲ್ಲಿ ಒಳಗಿನ ಭಾಗಗಳನ್ನ ಜೋಡಿಸೋ ಇನ್ಫಿನಿಟಿ ಫ್ಯಾಬ್ರಿಕ್ ಕೂಡ ಮೆಮೊರಿ ವೇಗದ ಜೊತೆಗೇ ಏರುತ್ತೆ.

ಆರ್‌ಜಿಬಿ ದೀಪ ಇಲ್ಲ, ನನಗೆ ಅದೇ ಇಷ್ಟ. ಹೀಟ್‌ಸ್ಪ್ರೆಡರ್ (ಸ್ಟಿಕ್ ಮೇಲಿನ ಶಾಖ ಹರಡೋ ಲೋಹದ ಕವಚ) ಗಿಡ್ಡ, ದೊಡ್ಡ ಕೂಲರ್ ಇದ್ದರೂ ತಾಗಲ್ಲ.

ಐದಕ್ಕೆ ನಾಲ್ಕು ಸ್ಟಾರ್. 3600 ಪಕ್ಕ ಒಂದು ಸಣ್ಣ ‘ಓಸಿ’ ಪೆಟ್ಟಿಗೆ ಮೇಲೂ ಹಾಕಿದ್ದರೆ ಐದೇ ಕೊಡುತ್ತಿದ್ದೆ. ಇದೇ ಬೋರ್ಡಿಗೆ ಮುಂದೆ ರೈಝನ್ 5 5600 ಹಾಕುವ ಯೋಚನೆ ಇದೆ, ಅವತ್ತು ಆ ಕೊನೆಯ ಕಾಲಮ್ಮನ್ನ ಇನ್ನೊಂದು ಸಲ ಒತ್ತಿ ನೋಡುತ್ತೇನೆ.