ಹೋಸ್ಟಾ, ಡಿವೈಸಾ? ಒಂದೇ ಯುಎಸ್‌ಬಿ ಪೋರ್ಟನ್ನು ಡಿವೈಸ್ ಟ್ರೀಯಲ್ಲಿ ಐದು ರೀತಿ ಬರೆದು ನೋಡಿದೆ

ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ಗುಡ್ಡದ ಸುರಂಗದ ನೀರು ತೋಟದ ಮೇಲಿನ ಟ್ಯಾಂಕಿಗೆ ಬೀಳುತ್ತದೆ. ಬೇಸಗೆಯಲ್ಲಿ ದಿನಕ್ಕೆ ಎಷ್ಟು ನೀರು ಬರುತ್ತದೆ ಎಂದು ಲೆಕ್ಕ ಇಡಲು ಒಂದು ಸಣ್ಣ ಲಿನಕ್ಸ್ ಬೋರ್ಡನ್ನು ಡಬ್ಬಿಯೊಳಗೆ ಹಾಕಿ ಪಂಪ್ ಶೆಡ್ಡಿನ ಗೋಡೆಗೆ ಕೂರಿಸಿದ್ದೇನೆ. ಡಬ್ಬಿಯ ಹೊರಗೆ ಕಾಣುವುದು ಒಂದೇ ಒಂದು ಮೈಕ್ರೋ ಯುಎಸ್‌ಬಿ ಪೋರ್ಟ್. ನಾನು ಹೋದರೆ ಲ್ಯಾಪ್‌ಟಾಪ್ ಚುಚ್ಚುತ್ತೇನೆ. ಆಗ ಬೋರ್ಡು ಡಿವೈಸ್ ಆಗಿ, ಅಂದರೆ ಲ್ಯಾಪ್‌ಟಾಪ್ ಹೇಳಿದ್ದನ್ನು ಕೇಳುವ ಕಡೆಯಾಗಿ, ಸೀರಿಯಲ್ ಪೋರ್ಟಿನ ಹಾಗೆ ಕಾಣಬೇಕು. ಭಾವ ಹೋದರೆ ಪೆನ್ ಡ್ರೈವ್ ಚುಚ್ಚುತ್ತಾರೆ. ಆಗ ಅದೇ ಬೋರ್ಡು ಹೋಸ್ಟ್, ಅಂದರೆ ಯಜಮಾನ ಆಗಬೇಕು.

"ಚುಚ್ಚಿದ್ರೆ ಸಾಕಲ್ವಾ ಮಾರಾಯ? ಅದಕ್ಕೇ ಗೊತ್ತಾಗುವುದಿಲ್ವಾ?" ಅಂತ ಭಾವ ಕೇಳಿದರು. ಗೊತ್ತಾಗುತ್ತದೆ, ಆದರೆ ಪೋರ್ಟಿನ ಹಿಂದೆ ಏನು ಬೆಸುಗೆ ಹಾಕಿದೆ ಎಂದು ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ನಾವು ಮೊದಲು ಹೇಳಿರಬೇಕು. ಹೇಳುವ ಜಾಗ ಡಿವೈಸ್ ಟ್ರೀ, ಬೋರ್ಡಿನಲ್ಲಿ ಏನೇನಿದೆ ಎಂದು ಬರೆದಿಡುವ ಫೈಲು. ಅದರಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ನೋಡ್. ಅಲ್ಲಿ ದಾರಿ ಒಂದೆರಡಲ್ಲ, ಹಾಗಾಗಿ ಒಂದು ಮಳೆಗಾಲ ಪೂರ್ತಿ ಇದರಲ್ಲೇ ಹೋಯಿತು.

ಎಲ್ಲಕ್ಕಿಂತ ಸುಲಭದ್ದು, ಯುಎಸ್‌ಬಿಯನ್ನು ನಡೆಸುವ ಕಂಟ್ರೋಲರಿನ ನೋಡ್‌ನಲ್ಲಿ 'ಡಿಆರ್ ಮೋಡ್' ಎಂಬ ಸಾಲಿಗೆ ಹೋಸ್ಟ್ ಅಥವಾ ಪೆರಿಫೆರಲ್ (ಡಿವೈಸ್ ಅಂತಲೇ ಅರ್ಥ) ಎಂದು ಬರೆದು ಬಿಡುವುದು. ಯಾವತ್ತೂ ಬದಲಾಗದ ಪೋರ್ಟಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕೀಬೋರ್ಡ್ ಮಾತ್ರ ಚುಚ್ಚುವ ಜಾಗಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನನಗೆ ಎರಡೂ ಬೇಕಿತ್ತು, ಹಾಗಾಗಿ ಒಂದೇ ದಿನಕ್ಕೆ ಬಿಟ್ಟೆ.

ಎರಡನೆಯದು ಕೈಯಿಂದ ಬದಲಿಸುವುದು. ಡಿಆರ್ ಮೋಡ್ ಒಟಿಜಿ (ಎರಡೂ ಆಗಬಲ್ಲದು ಎಂದು ಅರ್ಥ), ಜೊತೆಗೆ 'ಯುಎಸ್‌ಬಿ ರೋಲ್ ಸ್ವಿಚ್' ಎಂಬ ಒಂದು ಸಾಲು. ನನ್ನ ಬೋರ್ಡಿನಲ್ಲಿ ಇರುವುದು ಡಿಡಬ್ಲ್ಯುಸಿ3 ಕಂಟ್ರೋಲರ್. ಅದು ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಒಳಗಿನದನ್ನು ಫೈಲುಗಳಾಗಿ ತೋರಿಸುವ ಜಾಗ) 'ರೋಲ್' ಎಂಬ ಫೈಲ್ ಕೊಡುತ್ತದೆ. ಅದಕ್ಕೆ ಹೋಸ್ಟ್ ಎಂದು ಬರೆದರೆ ಹೋಸ್ಟ್, ಡಿವೈಸ್ ಎಂದು ಬರೆದರೆ ಡಿವೈಸ್. ಮೇಜಿನ ಮೇಲೆ ಪರೀಕ್ಷೆ ಮಾಡಲು ಚಿನ್ನದಂಥ ದಾರಿ. ಆದರೆ ಹೋಸ್ಟ್ ಆದ ಕೂಡಲೇ ಪೆನ್ ಡ್ರೈವಿಗೆ 5 ವೋಲ್ಟ್ ಕೊಡುವುದು ಯಾರು? ಅದಕ್ಕೆ ಬೇರೆ ಸ್ಕ್ರಿಪ್ಟ್, ಸ್ಕ್ರಿಪ್ಟಿಗೆ ಒಂದು ಬಟನ್, ಬಟನ್ ಒತ್ತಲು ಭಾವನಿಗೆ ನೆನಪಿರಬೇಕು. ಆಗದ ಮಾತು.

ಮೂರನೆಯದು ಹಳೆಯ ಎಕ್ಸ್ಟ್‌ಕಾನ್, ಪೋರ್ಟಿಗೆ ಏನು ಚುಚ್ಚಿದೆ ಎಂದು ತಿಳಿಸುವ ಲಿನಕ್ಸಿನ ವ್ಯವಸ್ಥೆ. ಮೈಕ್ರೋ ಪೋರ್ಟಿನಲ್ಲಿ 5 ಪಿನ್ ಇವೆ. ನಾಲ್ಕನೆಯದು ಐಡಿ. ಪೆನ್ ಡ್ರೈವಿಗೆ ಹಾಕುವ ಒಟಿಜಿ ಕೇಬಲ್ ಅದನ್ನು ಗ್ರೌಂಡಿಗೆ ಸೇರಿಸುತ್ತದೆ, ಮಾಮೂಲಿ ಕೇಬಲ್ ಹಾಗೇ ಬಿಡುತ್ತದೆ. ಆ ಪಿನ್ನನ್ನು ಓದಲು ಬೇರೆ ಒಂದು ನೋಡ್ ಬರೆದು, ಕಂಟ್ರೋಲರ್ ಅದನ್ನು ನೋಡುವಂತೆ ಮಾಡುವುದು ಈ ದಾರಿ. ಕೆಲಸ ಏನೋ ಸರಿಯಾಗಿಯೇ ಮಾಡಿತು. ನನ್ನ ತಕರಾರು ಬೇರೆ. ಆ ನೋಡ್ ಹೇಳುವ ಚಿಪ್ಪು ಬೋರ್ಡಿನಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಆ ನೋಡಿನ ಹೆಸರೇ ಲಿನಕ್ಸ್ ಎಂದು ಶುರುವಾಗುತ್ತದೆ. ಡಿವೈಸ್ ಟ್ರೀಯನ್ನು ಕರ್ನಲ್ಲನ್ನು ಎಬ್ಬಿಸುವ ಯು-ಬೂಟ್ ಕೂಡ ಓದುತ್ತದೆ, ಬಿಎಸ್‌ಡಿ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳೂ ಓದುತ್ತವೆ. ಅಲ್ಲಿ ಇರಬೇಕಾದದ್ದು ಹಾರ್ಡ್‌ವೇರ್, ಲಿನಕ್ಸಿನ ಒಳಮನೆಯ ವ್ಯವಸ್ಥೆ ಅಲ್ಲ.

ನಾಲ್ಕನೆಯದರಲ್ಲಿ ಆ ತಕರಾರು ಇಲ್ಲ. ಕಂಟ್ರೋಲರಿನ ಒಳಗೆ 'ಕನೆಕ್ಟರ್' ಎಂಬ ಮಗು ನೋಡ್. ಕಣ್ಣಿಗೆ ಕಾಣುವ ಆ ಪೋರ್ಟೇ ಅದು. ಇದು ಯುಎಸ್‌ಬಿ ಬಿ ಕನೆಕ್ಟರ್, ಬಗೆ ಮೈಕ್ರೋ, ಐಡಿ ಪಿನ್ ಈ ಜಿಪಿಐಒದಲ್ಲಿದೆ (ಕರ್ನಲ್ ಓದಬಲ್ಲ ಚಿಪ್ಪಿನ ಕಾಲು), 5 ವೋಲ್ಟ್ ಈ ರೆಗ್ಯುಲೇಟರಿನಿಂದ (ವೋಲ್ಟೇಜ್ ಕೊಡುವ ಭಾಗ) ಬರುತ್ತದೆ. ಇಷ್ಟೇ. 2019ರ 5.4 ಕರ್ನಲ್ಲಿನಿಂದ ಇದಕ್ಕೆ ಡ್ರೈವರ್ ಇದೆ. ಐಡಿ ಸೊನ್ನೆಯಾದರೆ ಅದು ರೆಗ್ಯುಲೇಟರನ್ನು ಆನ್ ಮಾಡಿ ಕಂಟ್ರೋಲರನ್ನು ಹೋಸ್ಟ್ ಮಾಡುತ್ತದೆ. ಮೇಲೆ ಹೇಳಿದ ರೋಲ್ ಸ್ವಿಚ್ ಸಾಲು ಇಲ್ಲಿಯೂ ಬೇಕು. ಇಲ್ಲದಿದ್ದರೆ ಕನೆಕ್ಟರ್ ಹೇಳಿದ್ದು ಕಂಟ್ರೋಲರಿಗೆ ಮುಟ್ಟುವುದೇ ಇಲ್ಲ.

ನಾನು ಇಲ್ಲಿ ಜಾರಿದ್ದು ಒಂದೇ ಪದದಲ್ಲಿ. ಐಡಿ ಲೋ ಆದರೆ ಹೋಸ್ಟ್ ಅಲ್ವಾ, ಹಾಗಾದರೆ ಆಕ್ಟಿವ್ ಲೋ ಎಂದು ಬರೆದೆ. ಹಾಗೆ ಬರೆದರೆ ಕರ್ನಲ್ ಪಿನ್ನಿನಲ್ಲಿ ಓದಿದ್ದನ್ನು ತಿರುಗಿಸಿ ಹೇಳುತ್ತದೆ. ಬೋರ್ಡು ಏಳುತ್ತಿದ್ದಂತೆ ಖಾಲಿ ಪೋರ್ಟಿಗೆ ಮಲ್ಟಿಮೀಟರ್ ಹಿಡಿದೆ, 5.08 ವೋಲ್ಟ್! ಏನೂ ಚುಚ್ಚದೆ ಅದು ಹೋಸ್ಟ್ ಆಗಿ ಕೂತಿತ್ತು. ಪೆನ್ ಡ್ರೈವ್ ಚುಚ್ಚಿದರೆ ಡಿವೈಸ್ ಆಗುತ್ತಿತ್ತು. ಡ್ರೈವರ್ ಸೊನ್ನೆಯನ್ನೇ ಹೋಸ್ಟ್ ಎಂದು ಓದುತ್ತದೆ, ನಾವು ಇನ್ನೊಮ್ಮೆ ತಿರುಗಿಸಬಾರದು. ಆಕ್ಟಿವ್ ಹೈ ಎಂದು ಬರೆದ ಮೇಲೆ ಸರಿಹೋಯಿತು. ಪುಣ್ಯಕ್ಕೆ ಅಷ್ಟರಲ್ಲಿ ಲ್ಯಾಪ್‌ಟಾಪ್ ಚುಚ್ಚಿರಲಿಲ್ಲ, ಚುಚ್ಚಿದ್ದರೆ ಎರಡೂ ಕಡೆಯಿಂದ 5 ವೋಲ್ಟ್ ಬರುತ್ತಿತ್ತು.

ಪಿನ್‌ಗೆ ಪುಲ್-ಅಪ್ (ಏನೂ ಸೇರದಿದ್ದಾಗ ಪಿನ್ನನ್ನು ಹೈನಲ್ಲಿ ಹಿಡಿದಿಡುವ ರೆಸಿಸ್ಟರ್) ಕೊಡುವುದನ್ನೂ ಮರೆತಿದ್ದೆ. ಆಗ ಐಡಿ ಗಾಳಿಯಲ್ಲಿ ತೇಲುತ್ತಿರುತ್ತದೆ. ಡ್ರೈವರ್ 20 ಮಿಲಿಸೆಕೆಂಡ್ ಕಾದು ನೋಡುತ್ತದೆ ನಿಜ, ಆದರೆ ತೇಲುವ ಪಿನ್‌ಗೆ ಅದು ಏನೇನೂ ಸಾಲದು. ಕೊನೆಗೆ ಎಲ್ಲ ಸರಿ ಮಾಡಿದರೂ ಪೆನ್ ಡ್ರೈವ್ ಬರಲಿಲ್ಲ. ಎರಡು ಗಂಟೆ ಡಿವೈಸ್ ಟ್ರೀ ಓದಿದ ಮೇಲೆ ಕೇಬಲ್ ಮೇಲೆ ಅನುಮಾನ ಬಂತು. ಪೇಟೆಯಲ್ಲಿ ಒಟಿಜಿ ಎಂದು ಕೊಟ್ಟ ಕೇಬಲ್‌ನಲ್ಲಿ ನಾಲ್ಕನೇ ಮತ್ತು ಐದನೇ (ಗ್ರೌಂಡ್) ಪಿನ್ ಸೇರಿರಲೇ ಇಲ್ಲ. ಆ ಎರಡು ಪಿನ್ನಿಗೆ ಮಲ್ಟಿಮೀಟರ್ ಹಿಡಿದು ಬೀಪ್ ಬರುತ್ತದಾ ಎಂದು ಮೊದಲೇ ನೋಡಿದ್ದರೆ ಅಷ್ಟು ಹೊತ್ತು ಉಳಿಯುತ್ತಿತ್ತು.

ಐದನೆಯದು ಟೈಪ್-ಸಿ. ಅದಕ್ಕೆ ಬೇರೆ ಬೋರ್ಡು. ಇಲ್ಲಿ ಐಡಿ ಪಿನ್ ಇಲ್ಲ, ಆ ಕಡೆ ಏನಿದೆ ಎಂದು ತಿಳಿಸುವ ಸಿಸಿ ಎಂಬ ಎರಡು ಪಿನ್ ಇವೆ. ಅವುಗಳನ್ನು ನೋಡಿಕೊಳ್ಳಲು ಐ2ಸಿ ಎಂಬ, ಚಿಪ್ಪುಗಳು ಮಾತಾಡಿಕೊಳ್ಳುವ ತಂತಿಯಲ್ಲಿ ಎಫ್‌ಯುಎಸ್‌ಬಿ302 ಎಂಬ ಪುಟ್ಟ ಚಿಪ್. ಕನೆಕ್ಟರ್ ನೋಡ್ ಈಗ ಕಂಟ್ರೋಲರಿನ ಒಳಗಲ್ಲ, ಆ ಚಿಪ್ಪಿನ ಒಳಗೆ. ಕಂಟ್ರೋಲರಿಗೆ ಕೊಂಡಿ ಹಾಕಲು ಎರಡೂ ಕಡೆ ಪೋರ್ಟ್, ಎಂಡ್‌ಪಾಯಿಂಟ್ ಎಂಬ ನೋಡ್‌ಗಳನ್ನು ಬರೆಯಬೇಕು. ಪೋರ್ಟ್ 0 ಹೈ ಸ್ಪೀಡ್, 1 ಸೂಪರ್ ಸ್ಪೀಡ್. ಬರೆಯುವುದು ಜಾಸ್ತಿ. ಆದರೆ ಕರೆಂಟು ಕೊಡುವುದು ಯಾರು, ಡೇಟಾದ ಯಜಮಾನ ಯಾರು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ಬೇರೆ ಬೇರೆಯಾಗಿ ಬರೆಯಬಹುದು. ಬೋರ್ಡು ಚಾರ್ಜರಿನಿಂದ ಕರೆಂಟು ತಗೊಳ್ಳುತ್ತಲೇ ಹೋಸ್ಟ್ ಆಗಿರಬಹುದು. ಮೈಕ್ರೋದಲ್ಲಿ ಹೀಗೆ ಬೇರೆ ಮಾಡುವ ಜಾಗವೇ ಇಲ್ಲ. ಇದು ನನಗೆ ತುಂಬ ಹಿಡಿಸಿತು.

ಹಿಡಿಸಿದ್ದು ಶೆಡ್ಡಿಗೆ ಹೋಗುವವರೆಗೆ. ಬೋರ್ಡಿಗೆ ಕರೆಂಟು ಅದೇ ಪೋರ್ಟಿನಿಂದ, ಬ್ಯಾಟರಿ ಇಲ್ಲ. ಮಳೆಗೆ ಕರೆಂಟು ಹೋಗಿ ಬಂತು. ಎಲ್‌ಇಡಿ ಹತ್ತಿತು, ಕೆಲವು ಸೆಕೆಂಡಿಗೆ ಆರಿತು, ಮತ್ತೆ ಹತ್ತಿತು, ಮತ್ತೆ ಆರಿತು. ಪವರ್ ಡೆಲಿವರಿ (ಎಷ್ಟು ಕರೆಂಟು ಎಂದು ಮೊದಲು ಮಾತಾಡಿಕೊಳ್ಳುವ ಪದ್ಧತಿ) ಇರುವ ಚಾರ್ಜರ್ ತಾನೇನು ಕೊಡಬಲ್ಲೆ ಎಂದು ಹೇಳಿ ಹೇಳಿ ಸುಮ್ಮನಾದ ಮೇಲೆ ನಮ್ಮ ಕರ್ನಲ್ ಏಳುತ್ತದೆ. ಎದ್ದು ಕಾಯುತ್ತದೆ, ಮಾತು ಬರುವುದಿಲ್ಲ. ಆಗ ಅದು ಹಾರ್ಡ್ ರೀಸೆಟ್, ಅಂದರೆ ಎಲ್ಲ ಮೊದಲಿನಿಂದ ಶುರು ಮಾಡು ಎಂಬ ಆದೇಶ ಕಳಿಸುತ್ತದೆ. ಚಾರ್ಜರ್ ವಿಧೇಯವಾಗಿ 5 ವೋಲ್ಟ್ ಕತ್ತರಿಸುತ್ತದೆ. ಕೂತ ಕೊಂಬೆಯನ್ನೇ ಕಡಿದ ಹಾಗೆ. ಪವರ್ ಡೆಲಿವರಿ ಇಲ್ಲದ ಸಾದಾ ಅಡಾಪ್ಟರಿಗೆ ಈ ಭಾಷೆಯೇ ಗೊತ್ತಿಲ್ಲ, ಅದರಲ್ಲಿ ಬೋರ್ಡು ಆರಾಮಾಗಿ ಓಡಿತು. ನಾನು ಹಾಕಿದ್ದು ಹಳೆಯ ಕರ್ನಲ್. ಹೊಸದರಲ್ಲಿ ಹಾರ್ಡ್ ರೀಸೆಟ್‌ಗೆ ಮೊದಲು ಏನು ಕೊಡಬಲ್ಲೆ ಎಂದು ಚಾರ್ಜರನ್ನೇ ಕೇಳಿ ನೋಡುತ್ತಾರೆ.

ಟೈಪ್-ಸಿ ಬೋರ್ಡು ಈಗ ಮನೆಯ ಮೇಜಿನ ಮೇಲಿದೆ, ಯುಪಿಎಸ್ ಹಿಂದೆ. ಶೆಡ್ಡಿನಲ್ಲಿ ಮೈಕ್ರೋ ಪೋರ್ಟು, ನಾಲ್ಕನೇ ದಾರಿ. ಬೀಪ್ ಬರುವ ಒಟಿಜಿ ಕೇಬಲ್ ಒಂದನ್ನು ಡಬ್ಬಿಯ ಹಿಡಿಕೆಗೆ ಬಾಳೆಹಗ್ಗದಲ್ಲಿ ಕಟ್ಟಿದ್ದೇನೆ, ಭಾವ ಅದನ್ನು ಮನೆಗೆ ಒಯ್ಯಬಾರದು ಎಂದು.