ತೋಪು, ಬಂಡೆ ಉಳಿಸಲು ಯಾವ ರಕ್ಷಣೆ ಕೇಳಬೇಕು?

ಮೊದಲು ಪಹಣಿ ನೋಡಿ. ಜಾಗ ಯಾರದ್ದು ಅನ್ನೋದರ ಮೇಲೆ ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ.

ಖಾಸಗಿ ಅಥವಾ ಊರವರ ಜಮೀನಾದರೆ ನನ್ನ ಓಟು ಸಮುದಾಯ ಮೀಸಲಿಗೆ, ಅಂದರೆ ಜನರೇ ಒಪ್ಪಿ ವನ್ಯಜೀವಿಗಳಿಗಾಗಿ ಕಾಪಾಡುವ ಜಾಗಕ್ಕೆ. 1972ರ ವನ್ಯಜೀವಿ ಕಾಯ್ದೆಗೆ ಇದು ಸೇರಿದ್ದು 2002ರ ತಿದ್ದುಪಡಿಯಲ್ಲಿ. ಮಾಲೀಕರು ತಾವಾಗಿ ಒಪ್ಪಬೇಕು, ಜಮೀನು ಅವರದ್ದೇ ಇರುತ್ತದೆ. ಆದರೆ ಘೋಷಣೆಯಾದ ಮೇಲೆ ಮೀಸಲು ನೋಡಿಕೊಳ್ಳುವ ಸಮಿತಿಯ ನಿರ್ಣಯ, ರಾಜ್ಯ ಸರ್ಕಾರದ ಒಪ್ಪಿಗೆ ಎರಡೂ ಇಲ್ಲದೆ ಜಮೀನಿನ ಬಳಕೆ ಬದಲಿಸುವಂತಿಲ್ಲ. ಇಂಥ ಮೀಸಲಾದ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ನೋಡಿ. ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಅಂಥ ಕಡೆ ಬೇಲಿ ಹಾಕಿ ಜನರನ್ನು ದೂರ ಇಡೋಕಾಗಲ್ಲ, ಅಲ್ವಾ?

ಹಳೇ ಮರಗಳ ತೋಪು, ದೇವರಕಾಡು ಇದ್ದರೆ ಜೀವವೈವಿಧ್ಯ ಪಾರಂಪರಿಕ ತಾಣ ಕೇಳಿ. ಸ್ಥಳೀಯ ಸಂಸ್ಥೆಯ ಜೊತೆ ಮಾತಾಡಿ ರಾಜ್ಯ ಸರ್ಕಾರ ಘೋಷಿಸುತ್ತದೆ. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ಹೀಗೆ ದೇಶದ ಮೊದಲ ತಾಣವಾಯಿತು. ಪಂಚಾಯಿತಿಯ ಜೀವವೈವಿಧ್ಯ ಸಮಿತಿ ಸುಮ್ನೆ ಕಾಗದದಲ್ಲಿದ್ದರೆ ಮಾತ್ರ ಜಾಸ್ತಿ ಆಸೆ ಬೇಡ.

ಬಂಡೆಗಳದ್ದೇ ಕಷ್ಟ. ಲಾಲ್‌ಬಾಗ್ ಬಂಡೆ, ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು, ನಿಜ. ಆ ಹೆಸರು ಕೊಡೋದು ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ. ಮರ್ಯಾದೆ ದೊಡ್ಡದು, ಕಾನೂನಿನ ಬಲ ಕಡಿಮೆ. ಕ್ವಾರಿ ಭಯ ಇದ್ದರೆ ಇದೊಂದನ್ನೇ ನಂಬಬೇಡಿ.